ಹೊನ್ನಿಯ ಮೊಟ್ಟೆ ಮತ್ತು ಕಡಲ ಮೇಲೆ ಕೂತ ಸುತ್ತಜ್ಜಿ

ಕೂತಿರಾ? ಕಾಲು ಮಡಚಿಕೊಂಡಿರಾ? ಯಾರ ಬಾಯಲ್ಲಾದರೂ ಬೆರಳಿದೆಯಾ? ಇದ್ದರೆ ತೆಗೀರಿ. ಒಂದೇ ಒಂದು ಬೆರಳು ಎಂಥಾ ಫಜೀತಿ ಮಾಡಿತು ಅಂತ ಈಗ ಹೇಳ್ತೀನಿ.

ಕಡಲಿನ ಪಕ್ಕ ಒಂದು ಊರು. ಊರಿನ ಪಕ್ಕ ಉಪ್ಪಿನ ಗದ್ದೆ. ಭತ್ತದ ಗದ್ದೆಯಲ್ಲಿ ಭತ್ತ ಬೆಳೆಯುತ್ತೆ. ಉಪ್ಪಿನ ಗದ್ದೆಯಲ್ಲಿ ಉಪ್ಪು ಬೆಳೆಯುತ್ತೆ. ಕಡಲಿನ ನೀರು ಕಾಲುವೆಯಲ್ಲಿ ಬರುತ್ತೆ. ಗದ್ದೆಯಲ್ಲಿ ನಿಲ್ಲುತ್ತೆ. ಬಿಸಿಲು ಬಂದು ನೀರನ್ನು ಕುಡಿಯುತ್ತೆ, ಉಪ್ಪನ್ನು ಬಿಡುತ್ತೆ. ಬಿಸಿಲಿಗೆ ಉಪ್ಪು ಸೇರೋದಿಲ್ಲ ನೋಡಿ.

ಆ ಊರಿನಲ್ಲಿ ಹೊನ್ನಿ ಅಂತ ಒಬ್ಬಳು ಪುಟ್ಟ ಹುಡುಗಿ. ಹೊನ್ನಿಗೆ ಒಬ್ಬಳು ಅಜ್ಜಿ, ಬೀರಜ್ಜಿ. ಹೊನ್ನಿಗೆ ಒಂದು ಕೋಳಿ, ಚುಕ್ಕಿ.

ವರ್ಷದ ಮೊದಲ ಉಪ್ಪು ಗೋರುವ ಮುಂಚೆ ಆ ಊರಿನವರು ಗದ್ದೆಗೆ ಒಂದು ಕೋಳಿಮೊಟ್ಟೆ ಬಿಡುತ್ತಾರೆ. ಮೊಟ್ಟೆಗೆ ಕಾಡಿಗೆಯ ಬೊಟ್ಟು ಇಡುತ್ತಾರೆ. ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ನೀರು ಗಟ್ಟಿ. ಮೊಟ್ಟೆ ತೇಲುತ್ತೆ. ಉಪ್ಪು ಕಡಿಮೆಯಿದ್ದರೆ ನೀರು ತೆಳ್ಳಗೆ. ಮೊಟ್ಟೆ ಮುಳುಗುತ್ತೆ. ತೇಲಿತು ಅನ್ನಿ, ಮೊಟ್ಟೆ ಬಿಟ್ಟ ಮಗುವೇ ಮೊದಲು ಗೋರುಮಣೆ ಹಿಡಿಯುತ್ತೆ. ಉದ್ದ ಕೋಲು, ತುದಿಗೊಂದು ಹಲಗೆ, ಅದೇ ಗೋರುಮಣೆ. ಮೊದಲ ಹಿಡಿ ಉಪ್ಪೂ ಆ ಮಗುವಿಗೇ.

ಈ ವರ್ಷ ಹೊನ್ನಿಯ ಸರದಿ.

ಚುಕ್ಕಿ ಮೊಟ್ಟೆ ಇಟ್ಟಿತು. ಬೀರಜ್ಜಿ ಕಾಡಿಗೆಯ ಬೊಟ್ಟಿಟ್ಟಳು. ಹೊನ್ನಿ ಅಜ್ಜಿಯ ಕೈಯಲ್ಲಿ ಒಂದು ಮಾವಿನಕಾಯಿ ಹೆಚ್ಚಿಸಿಕೊಂಡಳು. ಒಂದು ಹೋಳನ್ನು ಹಳೇ ಉಪ್ಪಿನಲ್ಲಿ ಅದ್ದಿ ಅದ್ದಿ ತಿಂದಳು. ಇನ್ನೊಂದು ಹೋಳನ್ನು ಉಪ್ಪು ಸವರಿ ಲಂಗದ ಗಂಟಿನಲ್ಲಿ ಕಟ್ಟಿಕೊಂಡಳು. ಅದು ಹೊಸ ಉಪ್ಪು ಬಂದ ಮೇಲೆ ತಿನ್ನೋಕೆ.

"ಅಕಾಲದಲ್ಲಿ ಮಳೆ ಹೊಯ್ಯುತ್ತಾ ಇದೆ, ಹೆಣ್ಣೇ," ಅಂದಳು ಬೀರಜ್ಜಿ. "ಮೊದಲು ನೀರು ನೆಕ್ಕಿ ನೋಡು. ಉಪ್ಪುಪ್ಪು ಅನ್ನಿಸಿದರೆ ಮಾತ್ರ ಮೊಟ್ಟೆ ಬಿಡು."

ಹೊನ್ನಿ ಗದ್ದೆಯ ಅಂಚಿಗೆ ಹೋದಳು. ಬೆರಳು ಅದ್ದಿದಳು. ನೆಕ್ಕಿದಳು.

"ಅಬ್ಬಬ್ಬಾ! ಉಪ್ಪುಪ್ಪು!"

ಮೊಟ್ಟೆ ಬಿಟ್ಟಳು.

ಬುಳುಂಕ್!

ಮೊಟ್ಟೆ ಮುಳುಗಿತು. ಬೊಟ್ಟೂ ಮುಳುಗಿತು. ಕೆಸರು ನೀರಿನಲ್ಲಿ ಒಂದೂ ಕಾಣಲಿಲ್ಲ.

ಇಳಿದು ಹುಡುಕೋಣ ಅಂದರೆ ಗದ್ದೆಗೆ ಕಾಲಿಡುವ ಹಾಗಿಲ್ಲ. ಅದರ ನೆಲವನ್ನು ಊರಿನವರೆಲ್ಲ ತುಳಿದು ತುಳಿದು ತಟ್ಟೆಯ ಹಾಗೆ ನುಣ್ಣಗೆ ಮಾಡಿದ್ದಾರೆ. ಇನ್ನೊಂದು ಮೊಟ್ಟೆ ತರೋಣ ಅಂದರೆ ಚುಕ್ಕಿ ಮೂತಿ ತಿರುಗಿಸಿ ಕೂತಿತು.

"ಕೊಕ್ಕೊಕ್ಕೋ! ಇಟ್ಟ ಮೊಟ್ಟೆ ಮೊದಲು ತಾ. ಆಮೇಲೆ ಇನ್ನೊಂದರ ಮಾತು."

"ತೇಲಿತಾ, ಹೊನ್ನೀ?" ಅಂತ ಬೀರಜ್ಜಿ ದೂರದಿಂದ ಕೂಗಿದಳು.

"ತೇಲುತ್ತೆ, ತೇಲುತ್ತೆ!" ಅಂದಳು ಹೊನ್ನಿ. ಮೆಲ್ಲಗೆ ಅಂದಳು.

ಹೊನ್ನಿ ಗದ್ದೆಯನ್ನು ಕೇಳಿದಳು.

"ಗದ್ದೆ, ಗದ್ದೆ, ಗಟ್ಟಿಯಾಗು.
ನೀನು ಗಟ್ಟಿಯಾಗದೆ ನನ್ನ ಮೊಟ್ಟೆ ತೇಲಲ್ಲ."

"ಆಗಲ್ಲ," ಅಂದಿತು ಗದ್ದೆ. "ನನ್ನ ನೀರು ತೆಳ್ಳಗಿದೆ. ನೆಕ್ಕಿ ನೋಡಲಿಲ್ಲವಾ?"

"ನೋಡಿದೆ. ಉಪ್ಪುಪ್ಪಿತ್ತು."

"ಯಾವ ಬೆರಳಲ್ಲಿ ನೋಡಿದೆ?"

ಹೊನ್ನಿ ಬೆರಳು ತೋರಿಸಿದಳು.

"ಮಾವಿನಕಾಯಿಯನ್ನು ಉಪ್ಪಿಗೆ ಅದ್ದಿದ್ದು ಯಾವ ಬೆರಳಲ್ಲಿ?"

ಹೊನ್ನಿ ಬೆರಳು ನೋಡಿಕೊಂಡಳು. ಆಮೇಲೆ ಬೆರಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಗದ್ದೆ ಗುಳುಗುಳು ನಕ್ಕಿತು. "ನಾನೇನು ಮಾಡಲಿ, ಮಾರಾಯ್ತಿ? ಕಡಲು ಕೊಟ್ಟ ನೀರೇ ಸಪ್ಪೆ. ಹೋಗು, ಕಡಲನ್ನು ಕೇಳು."

ಹೊನ್ನಿ ಕಾಲುವೆಯ ದಂಡೆ ಹಿಡಿದು ಓಡಿದಳು. ಕಡಲಿನ ಹತ್ತಿರ ಬಂದಳು.

"ಕಡಲೇ, ಕಡಲೇ, ಉಪ್ಪಾಗು.
ನೀನು ಉಪ್ಪಾಗದೆ ಗದ್ದೆ ಗಟ್ಟಿಯಾಗಲ್ಲ.
ಗದ್ದೆ ಗಟ್ಟಿಯಾಗದೆ ನನ್ನ ಮೊಟ್ಟೆ ತೇಲಲ್ಲ."

"ಓಹೋ, ಬೆರಳಿನ ಹುಡುಗಿ ನೀನೇನಾ?" ಅಂದಿತು ಕಡಲು. ಸುದ್ದಿ ಕಾಲುವೆಯಲ್ಲಿ ಹೊನ್ನಿಗಿಂತ ಮುಂಚೆಯೇ ಬಂದಿತ್ತು.

"ನೀನು ಸಪ್ಪೆಯಂತೆ," ಅಂದಳು ಹೊನ್ನಿ.

"ನಾನಾ? ಸಪ್ಪೆಯಾ? ನನ್ನ ಹೊಟ್ಟೆಯ ತುಂಬಾ ಉಪ್ಪಿದೆ, ಗೊತ್ತಾ? ತಲೆ ಮೇಲೆ ಮಾತ್ರ ಸಪ್ಪೆ. ಮಳೆ ಬಂದು ನನ್ನ ನೆತ್ತಿಯ ಮೇಲೆ ಸಿಹಿನೀರು ಸುರೀತಾ ಇದೆ. ಸಿಹಿನೀರು ಹಗುರ. ಕೆಳಗಿಳಿಯೋದೇ ಇಲ್ಲ. ಹಾಲಿನ ಮೇಲೆ ಕೆನೆ ಕೂತ ಹಾಗೆ ಕೂತಿದೆ. ನಿಮ್ಮ ಕಾಲುವೆಗೆ ಬರೋದು ಆ ಮೇಲಿನ ನೀರೇ."

"ಹಾಗಾದರೆ ಕೆಳಗಿನದು ಕೊಡು."

"ಆಗಲ್ಲ. ಹೋಗು, ಮಳೆಯನ್ನು ಕೇಳು."

ಹೊನ್ನಿ ಮುಖ ಮೇಲೆತ್ತಿದಳು. ಟಪ್! ಒಂದು ಹನಿ ಮೂಗಿನ ಮೇಲೆ ಬಿತ್ತು.

"ಮಳೆಯೇ, ಮಳೆಯೇ, ನಿಲ್ಲು.
ನೀನು ನಿಲ್ಲದೆ ಕಡಲು ಉಪ್ಪಾಗಲ್ಲ.
ಕಡಲು ಉಪ್ಪಾಗದೆ ಗದ್ದೆ ಗಟ್ಟಿಯಾಗಲ್ಲ.
ಗದ್ದೆ ಗಟ್ಟಿಯಾಗದೆ ನನ್ನ ಮೊಟ್ಟೆ ತೇಲಲ್ಲ."

"ಟಪ್ ಟಪ್, ಆಗಲ್ಲ," ಅಂದಿತು ಮಳೆ. "ಟಪ್ ಟಪ್, ಬೆರಳು ತೋರಿಸು, ತೊಳೀತೀನಿ."

"ಬೇಡ!" ಅಂದಳು ಹೊನ್ನಿ.

"ಟಪ್ ಟಪ್, ಮೇಲಿಂದ ಬಿಟ್ಟರೆ ಬೀಳ್ತೀನಿ. ಬೀಳೋದು ಬಿಟ್ಟು ಬೇರೇನು ಬರುತ್ತೆ ನನಗೆ? ಟಪ್ ಟಪ್, ಮೋಡ ಎಲ್ಲಿ ನಿಂತರೆ ನಾನು ಅಲ್ಲಿ. ಹೋಗು, ಮೋಡವನ್ನು ಕೇಳು."

ಹೊನ್ನಿ ಕಡಲ ಪಕ್ಕದ ಗುಡ್ಡ ಹತ್ತಿದಳು. ಲಂಗ ಒದ್ದೆ. ಜಡೆ ಒದ್ದೆ. ಗಂಟಿನೊಳಗಿನ ಮಾವಿನ ಹೋಳು ಮಾತ್ರ ಒದ್ದೆಯಾಗದ ಹಾಗೆ ಅಂಗೈಯಿಂದ ಮುಚ್ಚಿಕೊಂಡಿದ್ದಳು. ಗುಡ್ಡದ ನೆತ್ತಿಗೆ ಹೊಟ್ಟೆ ತಾಗಿಸಿಕೊಂಡು ಮೋಡ ಮಲಗಿತ್ತು. ಎಮ್ಮೆಯ ಹಾಗೆ ಮಲಗಿತ್ತು.

"ಮೋಡವೇ, ಮೋಡವೇ, ಚದುರು.
ನೀನು ಚದುರದೆ ಮಳೆ ನಿಲ್ಲಲ್ಲ.
ಮಳೆ ನಿಲ್ಲದೆ ಕಡಲು ಉಪ್ಪಾಗಲ್ಲ.
ಕಡಲು ಉಪ್ಪಾಗದೆ ಗದ್ದೆ ಗಟ್ಟಿಯಾಗಲ್ಲ.
ಗದ್ದೆ ಗಟ್ಟಿಯಾಗದೆ ನನ್ನ ಮೊಟ್ಟೆ ತೇಲಲ್ಲ."

ಮೋಡ ಒಂದು ಕಣ್ಣು ತೆರೆಯಿತು. "ಹೂಂ? ಯಾರು? ಮೊಟ್ಟೆಯಾ?"

"ಮೊಟ್ಟೆ ಅಲ್ಲ, ನಾನು ಹೊನ್ನಿ."

"ಹೂಂ. ಆಗಲ್ಲ, ಹೊನ್ನಿ. ನಾನೇ ಬಂದು ಮಲಗಿದ್ದಾ? ಗಾಳಿ ತಂದು ರಾಶಿ ಹಾಕಿದ್ದು. ಒಂದರ ಮೇಲೊಂದು, ಒಂದರ ಮೇಲೊಂದು. ನನ್ನ ಮೇಲೆ ಇನ್ನೆಷ್ಟು ಮೋಡ ಇದೆ ಅಂತ ನನಗೇ ಗೊತ್ತಿಲ್ಲ. ಹೋಗು, ಗಾಳಿಯನ್ನು ಕೇಳು."

ಅಂದು ಮತ್ತೆ ಕಣ್ಣು ಮುಚ್ಚಿತು.

ಗಾಳಿಯನ್ನು ಹುಡುಕುವ ಕೆಲಸವೇ ಇರಲಿಲ್ಲ. ಅದು ಹೊನ್ನಿಯ ಜಡೆ ಎಳೆಯಿತು. ಲಂಗ ಎಳೆಯಿತು. ಈ ಕಡೆಯಿಂದ ಆ ಕಡೆಗೆ ಹೋಯಿತು.

"ನಿಲ್ಲು, ಗಾಳಿ!"

"ನಿಲ್ಲೋಕೆ ಪುರುಸೊತ್ತಿಲ್ಲ, ಓಡುತ್ತಾ ಹೇಳು!"

ಹೊನ್ನಿ ಗುಡ್ಡದ ಮೇಲೆ ಗಾಳಿಯ ಹಿಂದೆ ಓಡುತ್ತಾ ಓಡುತ್ತಾ ಹೇಳಿದಳು.

"ಗಾಳಿಯೇ, ಗಾಳಿಯೇ, ತಿರುಗು.
ನೀನು ತಿರುಗದೆ ಮೋಡ ಚದುರಲ್ಲ.
ಮೋಡ ಚದುರದೆ ಮಳೆ ನಿಲ್ಲಲ್ಲ.
ಮಳೆ ನಿಲ್ಲದೆ ಕಡಲು ಉಪ್ಪಾಗಲ್ಲ.
ಕಡಲು ಉಪ್ಪಾಗದೆ ಗದ್ದೆ ಗಟ್ಟಿಯಾಗಲ್ಲ.
ಗದ್ದೆ ಗಟ್ಟಿಯಾಗದೆ ನನ್ನ ಮೊಟ್ಟೆ ತೇಲಲ್ಲ."

"ಅಬ್ಬಾ, ಏನು ಉದ್ದ ನಿನ್ನ ಮಾತು! ನಿನ್ನ ಜಡೆಗಿಂತ ಉದ್ದ!" ಅಂದಿತು ಗಾಳಿ. "ಆಗಲ್ಲ. ಸುತ್ತಜ್ಜಿ ಎಲ್ಲಿ ಕೂತರೆ ನಾನು ಅಲ್ಲಿಗೆ ಓಡಬೇಕು. ಆ ಕಡೆಯಿಂದಲೂ ಓಡಬೇಕು, ಈ ಕಡೆಯಿಂದಲೂ ಓಡಬೇಕು. ಹೋಗು, ಸುತ್ತಜ್ಜಿಯನ್ನು ಕೇಳು."

"ಸುತ್ತಜ್ಜಿ ಅಂದರೆ ಯಾರು?"

"ಅಯ್ಯೋ, ಸುತ್ತಜ್ಜಿ ಗೊತ್ತಿಲ್ಲವಾ? ಭೂಮಿಯ ಹೊಟ್ಟೆಗೆ ಉಡಿದಾರ ಕಟ್ಟಿದ ಹಾಗೆ ಒಂದು ದಾರಿ ಇದೆ. ಆ ದಾರಿಯಲ್ಲಿ ಸುತ್ತುತ್ತಲೇ ಇರ್ತಾಳೆ. ಪಡುವಣದಿಂದ ಮೂಡಣಕ್ಕೆ. ಹೀಗೆ ತೂಗುತ್ತಾ, ಹಾಗೆ ತೂಗುತ್ತಾ. ಒಂದು ಸುತ್ತು ಮುಗಿಸೋಕೆ ಒಂದು ತಿಂಗಳೂ ಆದೀತು, ಎರಡು ತಿಂಗಳೂ ಆದೀತು, ಅವಳ ಮನಸ್ಸು. ಅವಳದ್ದು ಒದ್ದೆ ಸೀರೆ. ಅವಳು ಬಂದಲ್ಲಿ ಮಳೆ. ಅವಳು ದಾಟಿ ಹೋದಲ್ಲಿ ಬಿಸಿಲು."

"ಈಗ ಎಲ್ಲಿದ್ದಾಳೆ?"

"ನಿಮ್ಮ ಕಡಲ ಮೇಲೇ ಕೂತಿದ್ದಾಳೆ! ಬಾ, ಹೆಗಲೇರು."

ಹೊನ್ನಿ ಗಾಳಿಯ ಹೆಗಲೇರಿದಳು. ಒಂದು ಕೈಯಲ್ಲಿ ಗಾಳಿಯ ಕೂದಲು. ಇನ್ನೊಂದು ಕೈಯಲ್ಲಿ ಲಂಗದ ಗಂಟು. ಕೆಳಗೆ ದಂಡೆಯಲ್ಲಿ ಚುಕ್ಕಿ ಇಷ್ಟೇ ಇಷ್ಟು ಕಂಡಿತು. ಅಲ್ಲಿಂದಲೂ ಅದರ ಮೂತಿ ತಿರುಗಿಯೇ ಇತ್ತು.

ಕಡಲ ನಡುವೆ ಸುತ್ತಜ್ಜಿ ಕೂತಿದ್ದಳು. ಅವಳ ಮಂಡಿಯೇ ಗುಡ್ಡದಷ್ಟು. ಅವಳ ಸೀರೆಯ ಸೆರಗು ಬಾನಿನ ಈ ತುದಿಯಿಂದ ಆ ತುದಿಗೆ. ಸೆರಗಿನಿಂದ ನೀರು ಸೋರುತ್ತಿತ್ತು. ಸುತ್ತಜ್ಜಿ ಕಾಲು ಚಾಚಿ, ಕಡಲಿನಲ್ಲಿ ಪಾದ ಇಳಿಬಿಟ್ಟುಕೊಂಡು, ಸುಮ್ಮನೆ ಕೂತಿದ್ದಳು.

ಹೊನ್ನಿಗೆ ಸ್ವಲ್ಪ ಹೆದರಿಕೆ ಆಯಿತು. ಸ್ವಲ್ಪವೇ. ಆದರೂ ಕೇಳಿದಳು.

"ಸುತ್ತಜ್ಜಿ, ಸುತ್ತಜ್ಜಿ, ಏಳು.
ನೀನು ಏಳದೆ ಗಾಳಿ ತಿರುಗಲ್ಲ.
ಗಾಳಿ ತಿರುಗದೆ ಮೋಡ ಚದುರಲ್ಲ.
ಮೋಡ ಚದುರದೆ ಮಳೆ ನಿಲ್ಲಲ್ಲ.
ಮಳೆ ನಿಲ್ಲದೆ ಕಡಲು ಉಪ್ಪಾಗಲ್ಲ.
ಕಡಲು ಉಪ್ಪಾಗದೆ ಗದ್ದೆ ಗಟ್ಟಿಯಾಗಲ್ಲ.
ಗದ್ದೆ ಗಟ್ಟಿಯಾಗದೆ ನನ್ನ ಮೊಟ್ಟೆ ತೇಲಲ್ಲ."

"ಉಸ್ಸಪ್ಪಾ," ಅಂದಳು ಸುತ್ತಜ್ಜಿ. "ಏಳಲ್ಲ, ಮಗಾ. ಎಷ್ಟು ದೂರದಿಂದ ನಡೆದು ಬಂದಿದ್ದೀನಿ! ಇಲ್ಲಿ ನೀರು ಬೆಚ್ಚಗಿದೆ. ಬೆಚ್ಚಗಿನ ನೀರು ಕಂಡರೆ ಸಾಕು, ನನ್ನ ಕಾಲು ತಾನಾಗಿ ಕೂತುಬಿಡುತ್ತೆ. ಹೋಗು, ಕಡಲನ್ನೇ ಕೇಳು, ಯಾಕೆ ಬೆಚ್ಚಗಿದ್ದೀ ಅಂತ."

ಹೊನ್ನಿ ಗಾಳಿಯ ಹೆಗಲ ಮೇಲೇ ಕಾಲು ಬಡಿದಳು.

"ಕಡಲನ್ನು ಕೇಳಿ ಆಯ್ತು! ಗದ್ದೆ, ಕಡಲನ್ನು ಕೇಳು ಅಂತು. ಕಡಲು, ಮಳೆಯನ್ನು ಕೇಳು ಅಂತು. ಮಳೆ, ಮೋಡವನ್ನು ಕೇಳು ಅಂತು. ಮೋಡ, ಗಾಳಿಯನ್ನು ಕೇಳು ಅಂತು. ಗಾಳಿ, ಸುತ್ತಜ್ಜಿಯನ್ನು ಕೇಳು ಅಂತು. ಈಗ ನೀನು ಕಡಲನ್ನು ಕೇಳು ಅಂತೀಯ! ನಾನು ಎಷ್ಟು ಸಲ ಸುತ್ತಲಿ? ನಾನೇನು ಸುತ್ತಜ್ಜಿಯಾ?"

ಅಳು ಬಂದೇ ಬಿಟ್ಟಿತು. ಅಳು ಬಂದರೆ ಹೊನ್ನಿ ಏನು ಮಾಡುತ್ತಾಳೆ? ಬೆರಳು ಬಾಯಿಗಿಡುತ್ತಾಳೆ. ಇಟ್ಟಳು. ಅದೇ ಬೆರಳು!

ಸುತ್ತಜ್ಜಿ ಬಗ್ಗಿ ನೋಡಿದಳು.

"ಆ ಬೆರಳಲ್ಲಿ ಎಂತ ಇದೆ, ಮಗಾ? ಅಷ್ಟು ಚೀಪ್ತಾ ಇದ್ದೀ?"

"ಉಪ್ಪು," ಅಂದಳು ಹೊನ್ನಿ, ಬೆರಳ ಸಂದಿಯಿಂದ.

"ಉಪ್ಪಾ!" ಸುತ್ತಜ್ಜಿ ನಾಲಿಗೆ ಚಪ್ಪರಿಸಿದಳು. "ಉಪ್ಪು ಅಂದರೆ ಹೇಗಿರುತ್ತೆ ಅಂತಲೇ ಮರೆತುಹೋಗಿದೆ. ಎಲ್ಲಿ ಹೋದರೂ ಮಳೆನೀರು. ಎಲ್ಲಿ ಕೂತರೂ ಮಳೆನೀರು. ಬಾಯೆಲ್ಲ ಸಪ್ಪೆ ಸಪ್ಪೆ. ನನಗಿಷ್ಟು ಉಪ್ಪು ಕೊಡ್ತೀಯಾ?"

ಹೊನ್ನಿ ಬೆರಳು ನೋಡಿದಳು. ಬೆರಳಿನ ಉಪ್ಪು ಮುಗಿದಿತ್ತು. ಲಂಗದ ಗಂಟು ನೋಡಿದಳು. ಗಂಟಿನಲ್ಲಿ ಮಾವಿನ ಹೋಳಿತ್ತು. ಗುಡ್ಡದಲ್ಲಿ ಮುಚ್ಚಿಟ್ಟುಕೊಂಡ ಹೋಳು. ಗಾಳಿಯಲ್ಲಿ ಹಿಡಿದಿಟ್ಟುಕೊಂಡ ಹೋಳು. ಹೊಸ ಉಪ್ಪಿನ ಜೊತೆ ತಿನ್ನಬೇಕಾಗಿದ್ದ ಹೋಳು.

ಗಂಟು ಬಿಚ್ಚಿದಳು. ಮತ್ತೆ ಕಟ್ಟಿದಳು. ಮತ್ತೆ ಬಿಚ್ಚಿದಳು.

"ತಗೋ," ಅಂದಳು.

ಸುತ್ತಜ್ಜಿ ಹೋಳನ್ನು ಬಾಯಿಗೆ ಹಾಕಿಕೊಂಡಳು. ಮೊದಲು ಉಪ್ಪು ಸಿಕ್ಕಿತು. "ಆಹಾ," ಅಂದಳು. ಆಮೇಲೆ ಕಚ್ಚಿದಳು.

ಹುಳಿ!

ಒಂದು ಕಣ್ಣು ಮುಚ್ಚಿತು. ಇನ್ನೊಂದು ಕಣ್ಣೂ ಮುಚ್ಚಿತು. ಕಿವಿ ಕುಣಿಯಿತು. ಭುಜ ಜುಮ್ ಅಂತು. "ಶ್ಶ್ಶ್... ಹ್ಹಾ!" ಅಂತ ಸುತ್ತಜ್ಜಿ ಧಡಕ್ಕನೆ ಎದ್ದು ನಿಂತಳು. ಎದ್ದ ಮೇಲೆ ತನ್ನ ಕಾಲನ್ನೇ ನೋಡಿಕೊಂಡಳು.

"ಅರೇ! ಎದ್ದೇಬಿಟ್ಟೆನಲ್ಲ! ಇನ್ನೊಂದು ಹೋಳಿದೆಯಾ?"

"ಇಲ್ಲ. ಇದ್ದದ್ದೇ ಒಂದು."

"ಇದ್ದದ್ದೇ ಒಂದನ್ನ ನನಗೆ ಕೊಟ್ಟೆಯಾ?" ಸುತ್ತಜ್ಜಿ ಹೊನ್ನಿಯ ಒದ್ದೆ ತಲೆ ಸವರಿದಳು. ತಲೆ ಇನ್ನೂ ಒದ್ದೆಯಾಯಿತು. "ಸರಿ, ಮೂಡಣದ ಕಡೆ ಹೊರಟೆ. ಆದರೆ ಕೇಳು ಮಗಾ, ನಾನು ಸುತ್ತಿ ಮತ್ತೆ ಬರೋಳು. ಅಷ್ಟರೊಳಗೆ ನಿಮ್ಮ ಉಪ್ಪು ಗೋರಿಕೊಂಡುಬಿಡಿ."

ಸೆರಗು ಎಳೆದುಕೊಂಡಳು. ಹೀಗೆ ತೂಗುತ್ತಾ, ಹಾಗೆ ತೂಗುತ್ತಾ ಹೊರಟಳು.

ಆಮೇಲೆ ಏನಾಯಿತು? ನಿಮಗೇ ಗೊತ್ತು. ನನ್ನ ಜೊತೆ ಹೇಳಿ.

ಸುತ್ತಜ್ಜಿ ಎದ್ದಳು, ಗಾಳಿ ತಿರುಗಿತು.

ಗಾಳಿ ತಿರುಗಿತು, ಮೋಡ ಚದುರಿತು. "ಹೂಂ? ಬೆಳಗಾಯ್ತಾ?" ಅನ್ನುತ್ತಾ ಚದುರಿತು.

ಮೋಡ ಚದುರಿತು, ಮಳೆ ನಿಂತಿತು. ಟಪ್... ಟ... ಅಷ್ಟೇ.

ಮಳೆ ನಿಂತಿತು, ಬಿಸಿಲು ಬಂತು. ಬಿಸಿಲು ಕಡಲಿನ ನೆತ್ತಿಯ ಮೇಲಿದ್ದ ನೀರನ್ನು ಗಟಗಟ ಕುಡಿಯಿತು. ಗಾಳಿ ಸೌಟಿನ ಹಾಗೆ ಕಡಲನ್ನು ತಿರುವಿತು. ಕೆಳಗಿನ ಉಪ್ಪು ಮೇಲೆ ಬಂತು. ಕಡಲು ಉಪ್ಪಾಯಿತು.

ಕಡಲು ಉಪ್ಪಾಯಿತು, ಕಾಲುವೆಯಲ್ಲಿ ಉಪ್ಪುನೀರು ಬಂತು. ಬಿಸಿಲು ಅದನ್ನೂ ಕುಡಿಯಿತು. ಗದ್ದೆ ಗಟ್ಟಿಯಾಯಿತು.

ಗದ್ದೆ ಗಟ್ಟಿಯಾಯಿತು, ಮೊಟ್ಟೆ...

ತಡೀರಿ. ಹೊನ್ನಿ ಇನ್ನೂ ಬರಬೇಕಲ್ಲ.

ಗಾಳಿ ಹೊನ್ನಿಯನ್ನು ಗದ್ದೆಯ ಅಂಚಿನಲ್ಲಿ ಇಳಿಸಿತು. ಅಲ್ಲಿ ಬೀರಜ್ಜಿ ನಿಂತಿದ್ದಳು. ಚುಕ್ಕಿ ಕೂತಿತ್ತು. ಊರಿನ ದೇವು ಮಾವ ಗೋರುಮಣೆ ಹಿಡಿದು ಕಾಯುತ್ತಿದ್ದ.

"ಏನಮ್ಮಾ, ನಿನ್ನ ಮೊಟ್ಟೆ ಈಜು ಕಲೀತಾ?" ಅಂದ ದೇವು ಮಾವ.

ಹೊನ್ನಿ ನೀರು ನೋಡಿದಳು. ಏನೂ ಕಾಣಲಿಲ್ಲ. ನೀರಿಗೆ ಬೆರಳು ಚಾಚಿದಳು.

"ಯಾವ ಬೆರಳು?" ಅಂದಳು ಬೀರಜ್ಜಿ.

ಹೊನ್ನಿ ಥಟ್ಟನೆ ಕೈ ಹಿಂದೆಳೆದಳು. "ಅಜ್ಜೀ! ನಿನಗೆ ಗೊತ್ತಿತ್ತಾ?"

"ಮಾವಿನಕಾಯಿ ಹೆಚ್ಚಿ ಕೊಟ್ಟವಳೇ ನಾನು. ಗೊತ್ತಾಗದೇ ಇರುತ್ತಾ?"

ಹೊನ್ನಿ ಎಡಗೈಯ ಕಿರುಬೆರಳು ಎತ್ತಿದಳು. ಅದನ್ನು ಲಂಗಕ್ಕೆ ಚೆನ್ನಾಗಿ ಒರೆಸಿದಳು. ನೀರಿಗೆ ಅದ್ದಿದಳು. ನೆಕ್ಕಿದಳು.

ಒಂದು ಕಣ್ಣು ಮುಚ್ಚಿತು. ಇನ್ನೊಂದು ಕಣ್ಣೂ ಮುಚ್ಚಿತು.

"ಉಪ್ಪು! ಈ ಸಲ ನಿಜವಾದ ಉಪ್ಪು!"

ಅಷ್ಟರಲ್ಲಿ ಗದ್ದೆಯ ನಡುವೆ ಒಂದು ಗುಳ್ಳೆ. ಗುಳ್ಳೆಯ ಕೆಳಗೆ ಒಂದು ಕಪ್ಪು ಚುಕ್ಕೆ. ಚುಕ್ಕೆ ಮೇಲೆ ಬಂತು. ಇನ್ನೂ ಮೇಲೆ ಬಂತು. ಕಾಡಿಗೆಯ ಬೊಟ್ಟು! ಬೊಟ್ಟಿನ ಸುತ್ತ ಬೆಳ್ಳನೆ ಮೊಟ್ಟೆ! ಬೊಟ್ಟನ್ನು ಬಿಸಿಲಿಗೆ ತೋರಿಸುತ್ತಾ, ಹೀಗೆ ತೂಗುತ್ತಾ, ಹಾಗೆ ತೂಗುತ್ತಾ, ಮೊಟ್ಟೆ ತೇಲಿತು.

ಚುಕ್ಕಿ ಕತ್ತು ಚಾಚಿ ನೋಡಿತು. ಈ ಕಣ್ಣಿನಿಂದ ನೋಡಿತು. ಆ ಕಣ್ಣಿನಿಂದ ನೋಡಿತು.

"ಕೊಕ್ಕೊಕ್ಕೋ. ನನ್ನದೇ. ಸ್ವಲ್ಪ ಕಪ್ಪಾಗಿದೆ."

"ಅದು ಕಾಡಿಗೆ!" ಅಂದರು ಎಲ್ಲರೂ.

ಹೊನ್ನಿ ಗೋರುಮಣೆ ಹಿಡಿದಳು. ಕೋಲು ಅವಳಿಗಿಂತ ಉದ್ದ. ದೇವು ಮಾವ ಹಿಂದಿನ ತುದಿ ಹಿಡಿದ. ಸರ್ರ್... ಸರ್ರ್... ಗದ್ದೆಯ ತಳದಿಂದ ಹೊಸ ಉಪ್ಪು ಹೊಳೆಯುತ್ತಾ ಬಂತು. ಮೊದಲ ಹಿಡಿ ಹೊನ್ನಿಯ ಕೈಗೆ ಬಿತ್ತು.

ಹೊನ್ನಿ ಉಪ್ಪು ನೋಡಿದಳು. ಲಂಗದ ಖಾಲಿ ಗಂಟು ನೋಡಿದಳು.

ಬೀರಜ್ಜಿ ಸೊಂಟದ ಚೀಲ ಬಿಚ್ಚಿದಳು. ಒಂದು ಇಡೀ ಮಾವಿನಕಾಯಿ ತೆಗೆದಳು. ಹೆಚ್ಚಿದಳು.

ಬೀರಜ್ಜಿಗೆ ಒಂದು ಹೋಳು. ದೇವು ಮಾವನಿಗೆ ಒಂದು ಹೋಳು. ಹೊನ್ನಿಗೆ ಒಂದು ಹೋಳು. ಚುಕ್ಕಿಗೂ ಒಂದು ಚೂರು. ಚುಕ್ಕಿಯ ಒಂದು ಕಣ್ಣು ಮುಚ್ಚಿತು, ಇನ್ನೊಂದೂ ಮುಚ್ಚಿತು.

ಒಂದು ಹೋಳು ಉಳಿಯಿತು.

"ಅದನ್ನೂ ತಿನ್ನು, ಹೆಣ್ಣೇ," ಅಂದಳು ಬೀರಜ್ಜಿ.

"ಬೇಡ," ಅಂದಳು ಹೊನ್ನಿ. ಆ ಹೋಳಿಗೆ ಹೊಸ ಉಪ್ಪು ಸವರಿದಳು. ಬಿಸಿಲಲ್ಲಿ ಒಣಗಿಸಿ ಲಂಗದ ಗಂಟಿನಲ್ಲಿ ಕಟ್ಟಿಕೊಂಡಳು. ಬಿಗಿಯಾಗಿ ಕಟ್ಟಿಕೊಂಡಳು.

"ಯಾರಿಗೆ ಅದು?"

ಹೊನ್ನಿ ಕಡಲಿನ ಕಡೆ ನೋಡಿದಳು. ಕಡಲು ಬಿಸಿಲಲ್ಲಿ ಹೊಳೆಯುತ್ತಿತ್ತು. ಅದರ ಮೇಲೆ ಯಾರೂ ಕೂತಿರಲಿಲ್ಲ.

"ಸುತ್ತಿ ಮತ್ತೆ ಬರ್ತಾಳಲ್ಲ," ಅಂದಳು. "ಬಂದು ಕೂತರೆ ಎಬ್ಬಿಸಬೇಡವಾ?"

ಉಪ್ಪು ಗುಡಾಣಕ್ಕೆ ಹೋಯಿತು, ಸುತ್ತಜ್ಜಿ ಮೂಡಣಕ್ಕೆ ಹೋದಳು, ನಾವು ಊಟಕ್ಕೆ ಹೋಗೋಣ. ಕೈ ತೊಳೆದುಕೊಂಡು ಬನ್ನಿ. ಬೆರಳು ಮರೀಬೇಡಿ.